ಕೆಂಪು ಕಿಟಕಿ

ಫೆಬ್ರವರಿ 3, ಮಂಗಳವಾರ

ಕಣ್ಣಿನ ಡಾಕ್ಟರು ಮಾರ್ಚ್ ಐದಕ್ಕೆ ದಿನ ಕೊಟ್ಟಿದ್ದಾರೆ. ಅಮ್ಮನ ಎಡಗಣ್ಣು ಹೋಗಿ ಬಹಳ ಕಾಲವಾಯಿತು. ಈಗ ಬಲಗಣ್ಣಿನ ಸರದಿ. "ಆಪರೇಷನ್ ಮಾಡದಿದ್ದರೆ ಇದೂ ಹೋಗುತ್ತೆ. ಮಾಡಿದರೆ ಉಳಿಯಬಹುದು, ಉಳಿಯದೆಯೂ ಇರಬಹುದು" ಎಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ, ಗೋಡೆಯ ಮೇಲಿದ್ದ ಅಕ್ಷರಗಳ ಹಲಗೆಯನ್ನು ನೋಡುತ್ತಿದ್ದರು. ಹಾಗೆ ಬೇರೆಲ್ಲೋ ನೋಡಿ ಮಾತಾಡುವವರು ಏನನ್ನೋ ಮುಚ್ಚಿಡುತ್ತಾರೆ ಎಂಬುದು ನನ್ನ ಲೆಕ್ಕ. ದಿನವೂ ಎಷ್ಟೋ ಜನರಿಗೆ ಇದನ್ನೇ ಹೇಳಿ ಅವರಿಗೂ ಸಾಕಾಗಿರಬಹುದು, ಅದೂ ಇರಬಹುದು.

ಪ್ರತಿ ಬೆಳಿಗ್ಗೆ ಅಮ್ಮನ ಮುಂದೆ ಬೆರಳು ಹಿಡಿದು ಎಷ್ಟು ಎಂದು ಕೇಳುತ್ತೇನೆ. ಊಹಿಸಿ ಹೇಳುತ್ತಾಳೆಂಬ ಅನುಮಾನ ಬಂದಾಗ ಬೆರಳನ್ನೇ ಎತ್ತದೆ ಕೇಳುತ್ತೇನೆ. ಇವತ್ತು ಹಾಗೆ ಕೇಳಿದಾಗ "ಮೂರು" ಎಂದಳು.

ಆಸ್ಪತ್ರೆಯಿಂದ ಬಂದವಳೇ ಕಪಾಟಿನ ಮೇಲಿನಿಂದ ತನ್ನ ಹಳೆಯ ಕ್ಯಾಮೆರಾ ಇಳಿಸಲು ಹೇಳಿದಳು. ಮಡಚುವ ಕ್ಯಾಮೆರಾ ಅದು. ಮುಂದಿನ ಮುಚ್ಚಳ ಬಿಚ್ಚಿದರೆ ಕಪ್ಪು ಚರ್ಮದ ತಿದಿಯೊಂದು ನಿಟ್ಟುಸಿರು ಬಿಟ್ಟ ಹಾಗೆ ಹೊರಬರುತ್ತದೆ. ನಾವು ಚಿಕ್ಕವರಿದ್ದಾಗ ಪ್ರತಿ ವರ್ಷ ಶಾಲೆ ತೆರೆಯುವ ದಿನ ಅಕ್ಕನನ್ನೂ ನನ್ನನ್ನೂ ಮೆಟ್ಟಿಲ ಮೇಲೆ ನಿಲ್ಲಿಸಿ ಅದರಲ್ಲಿ ಒಂದು ಫೋಟೋ ತೆಗೆಯುತ್ತಿದ್ದಳು. ಒಂದೇ ಒಂದು. ಎಲ್ಲದರಲ್ಲೂ ಅಕ್ಕನ ಕಣ್ಣು ಮುಚ್ಚಿದೆ. ಎಲ್ಲದರಲ್ಲೂ ನಾನು ಕಣ್ಣು ಕಿಸಿದು ಕ್ಯಾಮೆರಾವನ್ನು ಗುರಾಯಿಸುತ್ತಿದ್ದೇನೆ, ಅದು ನನ್ನ ಪೆನ್ಸಿಲ್ ಕದ್ದಿರುವ ಹಾಗೆ.

"ಇನ್ನೊಂದು ತೆಗೀತೀನಿ. ನೀವಿಬ್ರೂ, ಮೆಟ್ಟಿಲ ಮೇಲೆ. ಆಪರೇಷನ್‌ಗೆ ಮೊದಲು."

"ಫೋನಲ್ಲಿ ತೆಗಿಯಮ್ಮ."

"ಫೋನು ನಿಂದು. ಇದು ನಂದು."

ಅಲ್ಲಿಗೆ ಮಾತು ಮುಗಿಯಿತು. ಈಗ ಎರಡು ಕಷ್ಟ. ಈ ಕ್ಯಾಮೆರಾದ ಫಿಲ್ಮ್ ಅಂಗಡಿಯಲ್ಲಿ ಸಿಗುವುದು ನಿಂತು ಎಷ್ಟೋ ಕಾಲವಾಗಿದೆ. ಮತ್ತೆ, ಅಕ್ಕನಿಗೆ ಫೋನ್ ಮಾಡಬೇಕು.

ಫೆಬ್ರವರಿ 7, ಶನಿವಾರ

ಕ್ಯಾಮೆರಾ ಅಂಗಡಿಗಳನ್ನು ಸುತ್ತಿದೆ. ಮೊದಲನೆಯವನು "ಆಂಟಿ, ಇದನ್ನ ಶೋಕೇಸಲ್ಲಿಡಿ" ಎಂದ. ಎರಡನೆಯವನು ತಾನೇ ಕೊಂಡುಕೊಳ್ಳುತ್ತೇನೆ ಎಂದ. ಅಷ್ಟು ಬೇಗ ಕೇಳಿದನೆಂದರೆ ಇದಕ್ಕೆ ಬೆಲೆ ಇರಬೇಕು. ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದುಕೊಂಡೆ. ಮೂರನೆಯವನು ಒಂದು ರೋಲ್ ತೆಗೆದು ತೋರಿಸಿದ. ಅಗಲ ಸರಿಯಾಗಿತ್ತು, ಆದರೆ ಒಳಗೆ ಕೂರಲಿಲ್ಲ. ಫಿಲ್ಮ್ ಅದೇ ಅಂತೆ, ಅದನ್ನು ಸುತ್ತಿರುವ ರೀಲು ಬೇರೆ. ನಮ್ಮದಕ್ಕೆ ತೆಳು ಅಂಚಿನ ತಗಡಿನ ರೀಲು ಬೇಕು, ಅದನ್ನು ಈಗ ಯಾರೂ ಮಾಡುವುದಿಲ್ಲ.

"ಫ್ರಿಜ್ ಮೇಷ್ಟ್ರ ಹತ್ರ ಹೋಗಿ. ಅವರು ಕತ್ತಲೆಯಲ್ಲಿ ಕೂತು ಹೊಸ ಫಿಲ್ಮನ್ನ ಹಳೇ ರೀಲಿಗೆ ಸುತ್ತಿ ಕೊಡ್ತಾರೆ."

"ಕತ್ತಲೆಯಲ್ಲೇ ಯಾಕೆ?"

ಅವನು ನನ್ನನ್ನು ಕನಿಕರದಿಂದ ನೋಡಿದ. ಬೆಳಕು ಬಿದ್ದರೆ ಫಿಲ್ಮ್ ಹಾಳಾಗುತ್ತದೆ ಎಂಬುದು ನನಗೂ ಗೊತ್ತು. ನಾನು ಕೇಳಿದ್ದು ಅದಲ್ಲ. ಕತ್ತಲೆಯಲ್ಲಿ ಏನು ಸುತ್ತುತ್ತಾರೆಂದು ಯಾರಿಗೆ ಗೊತ್ತು?

ಫೆಬ್ರವರಿ 8, ಭಾನುವಾರ

ಮೇಷ್ಟ್ರು ಚಿತ್ರಕಲೆ ಕಲಿಸಿ ನಿವೃತ್ತರಾದವರು. ಮನೆಯಲ್ಲಿ ಒಂದೇ ಫ್ರಿಜ್, ಅದರ ತುಂಬ ಫಿಲ್ಮಿನ ಡಬ್ಬಿಗಳು. ಅವರ ಹೆಂಡತಿ ಬಾಗಿಲಲ್ಲೇ ಹೇಳಿದರು: "ಬನ್ನಿ, ಬನ್ನಿ. ನಮ್ಮನೇಲಿ ತರಕಾರಿ ಕಿಟಕಿ ಮೇಲೆ, ಕಸ ಫ್ರಿಜ್‌ನಲ್ಲಿ."

"ಅವಳ ಮಾತಿಗೆ ಕಿವಿ ಕೊಡ್ಬೇಡಿ. ತಂಪಲ್ಲಿಟ್ರೆ ಫಿಲ್ಮಿಗೆ ವಯಸ್ಸಾಗಲ್ಲ" ಎಂದರು ಮೇಷ್ಟ್ರು.

"ನನ್ನನ್ನೂ ಇಡಿ ಹಂಗಾದ್ರೆ."

ಆ ಡಬ್ಬಿಗಳ ಮೇಲಿನ ತಾರೀಖು ನೋಡಿದೆ. ಎಲ್ಲ ಅವಧಿ ಮೀರಿದವು. ನಾನು ಕೆಲಸ ಮಾಡುವುದು ಔಷಧಿ ಪ್ಯಾಕ್ ಮಾಡುವ ಕಂಪನಿಯ ತಪಾಸಣೆ ವಿಭಾಗದಲ್ಲಿ. ಅವಧಿ ಮೀರಿದ್ದನ್ನು ಕಂಡರೆ ಕೈ ತಾನಾಗಿ ಹಿಂದೆ ಸರಿಯುತ್ತದೆ. ಹೇಳಿದೆ. ಅವರು ನಕ್ಕು, "ನಂದೂ ಮೀರಿದೆ. ಆದ್ರೂ ಮಾತಾಡ್ತಿದ್ದೀನಲ್ಲ" ಎಂದರು.

ಮೇಷ್ಟ್ರು ಬಚ್ಚಲಿನೊಳಗೆ ಹೋಗಿ ಬಾಗಿಲ ಕೆಳಗೆ ಟವೆಲ್ ತುರುಕಿಕೊಂಡು, ತಮ್ಮ ಹಳೆಯ ರೀಲೊಂದಕ್ಕೆ ಸುತ್ತಿ ತಂದುಕೊಟ್ಟರು. ಜೊತೆಗೆ ಎರಡು ಷರತ್ತು. ರೀಲು ವಾಪಸ್ ಬರಬೇಕು. ಎರಡನೆಯದು, ಕ್ಯಾಮೆರಾದ ಬೆನ್ನಿನ ಮೇಲಿರುವ ಪುಟ್ಟ ಕೆಂಪು ಕಿಟಕಿಯ ವಿಷಯ. ಫಿಲ್ಮಿನ ಬೆನ್ನಿಗಿರುವ ಕಾಗದದ ಮೇಲೆ ಅಂಕಿಗಳಿರುತ್ತವೆ. ಎಷ್ಟನೆಯ ಚಿತ್ರ ಎಂದು ಆ ಕಿಟಕಿಯಲ್ಲಿ ಕಾಣುತ್ತದೆ. ಅಮ್ಮ ಅದರ ಮೇಲೆ ಕಪ್ಪು ಅಂಟುಪಟ್ಟಿ ಹಚ್ಚಿದ್ದಾಳೆ.

"ಪಟ್ಟಿ ಹಂಗೇ ಇರಲಿ. ಸುಮ್ಸುಮ್ನೆ ತೆಗೆದು ನೋಡ್ತಾ ಇರ್ಬೇಡಿ."

ದಾರಿಯುದ್ದಕ್ಕೂ ಯೋಚಿಸಿದೆ. ಖಾಲಿ ರೀಲು ಅವರಿಗೇಕೆ ಬೇಕು? ಅದರಲ್ಲಿ ಏನು ಸುತ್ತಿದ್ದರೆಂಬ ಗುರುತು ಉಳಿಯಬಾರದೆಂದೇ? ನೋಡಬೇಡಿ ಎಂದೇಕೆ ಹೇಳಿದರು? ನೋಡಿದರೆ ಏನು ಕಾಣುತ್ತದೆ?

ಒಳ್ಳೆಯ ಮನುಷ್ಯನ ಹಾಗೆ ಕಂಡರು. ಅದೇ ತೊಂದರೆ.

ಫೆಬ್ರವರಿ 9, ಸೋಮವಾರ

ಫಿಲ್ಮ್ ಹಾಕಿದೆ. ಆಮೇಲೆ ಕಪ್ಪು ಪಟ್ಟಿಯನ್ನು ಉಗುರಿನಿಂದ ಎಬ್ಬಿಸಿ ತೆಗೆದೆ. ಕಳೆದುಹೋಗದಿರಲೆಂದು ನನ್ನ ಫೋನಿನ ಬೆನ್ನಿಗೆ ಅಂಟಿಸಿಕೊಂಡೆ. ಕಿಟಕಿಯಲ್ಲಿ ಏನೂ ಸ್ಪಷ್ಟವಾಗಿ ಕಾಣಲಿಲ್ಲ. ಫೋನಿನ ಟಾರ್ಚ್ ಒತ್ತಿ ಹಿಡಿದೆ. ಒಂದು ಎಂಬ ಅಂಕಿ ಕಂಡಿತು. ಸದ್ಯಕ್ಕೆ ಒಳಗೆ ಏನೋ ಇದೆ.

ನನ್ನ ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ದೇವರೇ ಪ್ರತ್ಯಕ್ಷ ಆದ್ರೂ ನೀನು ಗುರುತಿನ ಚೀಟಿ ಕೇಳ್ತೀಯ ಕಣೇ."

ಕೇಳುವುದರಲ್ಲಿ ತಪ್ಪೇನು? ನಿಜವಾದ ದೇವರಾದರೆ ತೋರಿಸಲಿ.

ಫೆಬ್ರವರಿ 11, ಬುಧವಾರ

ಅಕ್ಕನಿಗೆ ಫೋನ್ ಮಾಡಿದೆ. ಅಮ್ಮ ನನ್ನ ಮನೆಗೆ ಬಂದಾಗಿನಿಂದ ನಮ್ಮಿಬ್ಬರ ನಡುವೆ ಮಾತು ನಿಂತಿತ್ತು. ಅಮ್ಮ ತನ್ನ ಜೊತೆ ಇರಲಿ ಎಂದು ಅವಳು, ನನ್ನ ಜೊತೆ ಎಂದು ನಾನು. ಹೊರಡುವಾಗ "ಹಂಗಾದ್ರೆ ಮನೆ ಕೀಲಿ ಒಂದು ನಂಗೂ ಕೊಡು, ನೀನಿಲ್ಲದಾಗ ಬಂದು ನೋಡ್ಕೊಂಡು ಹೋಗ್ತೀನಿ" ಎಂದಿದ್ದಳು. ನೋಡೋಣ ಎಂದಿದ್ದೆ. "ನೀನು ಅಮ್ಮನ್ನ ನೋಡ್ಕೊಳ್ತಿಲ್ಲ ಕಣೇ, ಕಾವಲು ಕಾಯ್ತಿದ್ದೀಯ" ಎಂದು ಹೇಳಿ ಹೋದವಳು ಮತ್ತೆ ಬರಲಿಲ್ಲ. ಮಾತು ಚುಚ್ಚಲೆಂದೇ ಆರಿಸಿದ್ದು ಎಂದು ನನಗೆ ಆಗಲೇ ಗೊತ್ತಾಗಿತ್ತು.

ಇವತ್ತು ಮೊದಲ ರಿಂಗಿಗೇ ಎತ್ತಿಕೊಂಡಳು. ಕಾಯುತ್ತಿದ್ದಳೇ?

"ಏನಮ್ಮಾ ಪೊಲೀಸು, ಬದುಕಿದ್ದೀಯಾ?"

ವಿಷಯ ಹೇಳಿದೆ. "ಆ ಕ್ಯಾಮೆರಾ ಇನ್ನೂ ಇದೆಯಾ? ಅಮ್ಮ ಅದನ್ನ ಯಾರಿಗೆ ಕೊಡ್ತಾಳಂತೆ?" ಎಂದಳು.

ಕಣ್ಣು ಉಳಿಯುತ್ತದೋ ಇಲ್ಲವೋ ಎಂದು ಕೇಳುವ ಮೊದಲು ಕ್ಯಾಮೆರಾ ಯಾರಿಗೆ ಎಂದು ಕೇಳಿದಳು. ಇದನ್ನು ಬರೆದಿಡುತ್ತಿದ್ದೇನೆ, ನಾಳೆ ನನಗೇ ಅವಳು ಹಾಗೆ ಕೇಳಲೇ ಇಲ್ಲ ಅನ್ನಿಸಬಾರದು.

ಫೆಬ್ರವರಿ 13, ಶುಕ್ರವಾರ

ರಜೆ ಹಾಕಿದೆ. ಪರೀಕ್ಷೆ ಮಾಡದ ಫಿಲ್ಮನ್ನು ಅಮ್ಮನ ಕೈಗೆ ಕೊಡುವುದು ಸಾಧ್ಯವಿಲ್ಲ. ಅವಳಿಗೆ ಉಳಿದಿರುವುದು ಇದೊಂದೇ ಅವಕಾಶ ಇರಬಹುದು. ಆದ್ದರಿಂದ ಈ ರೋಲನ್ನು ಪರೀಕ್ಷೆಗೆಂದೇ ಮುಗಿಸಿ, ಸರಿಯಾಗಿ ಬಂದರೆ ಅದೇ ಡಬ್ಬಿಯಿಂದ ಇನ್ನೊಂದನ್ನು ತರುವುದು ಎಂದು ತೀರ್ಮಾನಿಸಿದೆ. ನಮ್ಮ ಕಂಪನಿಯಲ್ಲೂ ಹೀಗೆಯೇ: ಒಟ್ಟಿಗೆ ತಯಾರಾಗಿ ಬಂದ ಪ್ರತಿ ಕಂತಿನಿಂದ ಕೆಲವು ಡಬ್ಬಿ ತೆರೆದು ನೋಡುತ್ತೇವೆ. ತೆರೆದದ್ದನ್ನು ಮಾರುವಂತಿಲ್ಲ, ಅದು ಕಸದ ಬುಟ್ಟಿಗೆ. ಉಳಿದವು ಚೆನ್ನಾಗಿವೆ ಎಂದು ನಂಬಲು ಅಷ್ಟು ಬೆಲೆ ತೆರಬೇಕು.

ಬಿಸಿಲಿನಲ್ಲಿ ನಿಂತು ನೀರಿನ ಟ್ಯಾಂಕು, ಮೆಟ್ಟಿಲು, ಕಟ್ಟಡದ ಕಾವಲುಗಾರ, ಅವನ ಕುರ್ಚಿ ಎಲ್ಲ ತೆಗೆದೆ. ಪ್ರತಿ ಚಿತ್ರದ ನಂತರ ತಿರುಗಿಸುವಾಗ ಮುಂದಿನ ಅಂಕಿ ಬಂದಿದೆಯೇ ಎಂದು ಕಿಟಕಿಯಲ್ಲಿ ಟಾರ್ಚ್ ಬಿಟ್ಟು ಖಚಿತ ಮಾಡಿಕೊಂಡೆ. ಎಲ್ಲ ಅಂಕಿಗಳೂ ಸರಿಯಾಗಿ ಬಂದವು. ಮೇಷ್ಟ್ರು ಮೋಸ ಮಾಡಿದ್ದರೆ ಅಂಕಿಯಲ್ಲಂತೂ ಮಾಡಿಲ್ಲ.

ಕಾವಲುಗಾರ ತನ್ನ ಫೋಟೋ ಯಾವಾಗ ಕೊಡುತ್ತೀರಿ ಎಂದು ಎರಡು ಸಲ ಕೇಳಿದ. ಅವನಿಗೆ ಯಾಕೆ ಅಷ್ಟು ಅವಸರ?

ಫೆಬ್ರವರಿ 17, ಮಂಗಳವಾರ

ಹಾಳು. ಎಲ್ಲವೂ.

ಇಲ್ಲಿ ಫಿಲ್ಮ್ ತೊಳೆಯುವ ಲ್ಯಾಬ್ ಒಂದೇ ಉಳಿದಿದೆ, ಒಬ್ಬ ಹೆಂಗಸು ನಡೆಸುತ್ತಾಳೆ. ಅವಳು ನೆಗೆಟಿವ್ ಪಟ್ಟಿಯನ್ನು ದೀಪದ ಪೆಟ್ಟಿಗೆಯ ಮೇಲೆ ಹಾಸಿದಳು. ಒಂದೊಂದು ಚಿತ್ರದಲ್ಲೂ ದುಂಡನೆಯ ಕಪ್ಪು ಮಚ್ಚೆ. ಕಾವಲುಗಾರನ ಮುಖ ಇರಬೇಕಾದಲ್ಲಿ ಒಂದು ಬಿಲ್ಲೆ.

"ಫಿಲ್ಮ್ ಹಳೇದಿರ್ಬೇಕು" ಎಂದಳು. ಅವಳಿಗೂ ತಾನು ಫಿಲ್ಮ್ ತೊಳೆಯುವ ರಾಸಾಯನಿಕ ಕೆಟ್ಟಿದೆ ಎಂದು ಹೇಳುವ ಮನಸ್ಸಿರಲಿಕ್ಕಿಲ್ಲ.

"ರೀಲು ಎಲ್ಲಿ?" ಎಂದೆ.

"ಬಿಸಾಕಿದೆ. ಬೇಕು ಅಂತ ಹೇಳ್ಬೇಕಿತ್ತು ನೀವು."

ಹೇಳಬೇಕಿತ್ತು. ಮೇಷ್ಟ್ರು ಅಷ್ಟು ಒತ್ತಿ ಕೇಳಿದ್ದರಿಂದಲೇ ಬೇಕೆಂದು ಹೇಳದೆ ಬಂದಿದ್ದೆ. ಏನಾಗುತ್ತದೋ ನೋಡೋಣ ಎಂದು.

ಫೆಬ್ರವರಿ 18, ಬುಧವಾರ

ಕೆಲಸ ಮುಗಿಸಿ ನೇರ ಮೇಷ್ಟ್ರ ಮನೆಗೆ ಹೋದೆ. ದಾರಿಯಲ್ಲಿ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಅವರು ಲ್ಯಾಬನ್ನು ದೂರುತ್ತಾರೆ, ಆಗ ನಾನು ಹೀಗೆನ್ನಬೇಕು. ಕ್ಯಾಮೆರಾವನ್ನು ದೂರುತ್ತಾರೆ, ಆಗ ಹೀಗೆ.

ಅವರು ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು.

"ನಂದೇ ತಪ್ಪಿರ್ಬೇಕು. ಕಾಗದ ಹಳೇದಾಗಿ ತೇವ ಎಳ್ಕೊಂಡಿದೆ. ಅದೇ ಮಚ್ಚೆಯಾಗಿ ಕೂತಿದೆ."

"ಇದೇ ಕಂತಿನದನ್ನ ಬೇರೆಯವರಿಗೂ ಕೊಟ್ಟಿದ್ದೀರಾ?" ಎಂದೆ. ಕಂಪನಿಯಲ್ಲಿ ಕೇಳುವ ದನಿಯಲ್ಲೇ ಕೇಳಿದೆ ಅನಿಸುತ್ತದೆ.

"ಇನ್ನು ಕೊಡಲ್ಲ" ಎಂದರು.

ಜಗಳಕ್ಕೆ ಸೊಂಟ ಕಟ್ಟಿ ಹೋದವಳಿಗೆ ಕೈಯಲ್ಲಿ ಏನೂ ಉಳಿಯಲಿಲ್ಲ. ಅವರ ಹೆಂಡತಿ ಟೀ ಕೊಟ್ಟರು, ಮೇಷ್ಟ್ರಿಗೆ ಒಂದು ಮಾತೂ ಅನ್ನಲಿಲ್ಲ. ಅದು ಇನ್ನೂ ಕಸಿವಿಸಿಯಾಯಿತು.

ಇಷ್ಟು ಬೇಗ ಯಾರಾದರೂ ತಪ್ಪು ಒಪ್ಪಿಕೊಳ್ಳುತ್ತಾರೆಯೇ? ದೊಡ್ಡದನ್ನು ಮುಚ್ಚಲು ಸಣ್ಣದನ್ನು ಒಪ್ಪಿಕೊಳ್ಳುವುದುಂಟು. ಆದರೆ ಅವಧಿ ಮೀರಿದ ಫಿಲ್ಮಿನ ಹಿಂದೆ ಎಂಥ ದೊಡ್ಡದು ಇರಲು ಸಾಧ್ಯ? ಯೋಚಿಸಿದೆ. ಹೊಳೆಯಲಿಲ್ಲ.

ಫೆಬ್ರವರಿ 20, ಶುಕ್ರವಾರ

ಅಮ್ಮ ಇವತ್ತು ಟೀ ಲೋಟವನ್ನು ಮೇಜಿನ ಅಂಚಿನಾಚೆ ಇಟ್ಟಳು. ಚೂರುಗಳನ್ನು ನಾನು ಗುಡಿಸುತ್ತಿದ್ದಾಗ "ಫಿಲ್ಮು ಸಿಕ್ತಾ?" ಎಂದಳು.

ಫೆಬ್ರವರಿ 22, ಭಾನುವಾರ

ಅಕ್ಕ ಬಂದಿದ್ದಳು. ಒಳಗೆ ಕಾಲಿಟ್ಟವಳು ಮೊದಲು ನೋಡಿದ್ದು ಮೇಜಿನ ಮೇಲಿದ್ದ ಕ್ಯಾಮೆರಾವನ್ನು. ಎತ್ತಿಕೊಂಡು ಮೂಸಿದಳು. "ಅದೇ ವಾಸನೆ" ಎಂದಳು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ.

ಹಾಳಾದ ಫಿಲ್ಮಿನ ಕತೆ ಹೇಳಿದೆ. ಮೇಷ್ಟ್ರ ವಿಷಯ ಹೇಳುವಾಗ ನನ್ನ ದನಿ ಏರಿರಬೇಕು. ಅಮ್ಮ "ಆ ಪಟ್ಟಿ ಕೊಡು" ಎಂದು ನೆಗೆಟಿವನ್ನು ತೆಗೆದುಕೊಂಡು ಕಿಟಕಿಯ ಕಡೆ ತಿರುಗಿ, ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದಳು. ಚಿತ್ರ ಅವಳಿಗೆ ಕಾಣಲಿಲ್ಲ, ಮಚ್ಚೆ ಮಾತ್ರ ಕಂಡಿತು. ಅದರ ಮೇಲೆ ಬೆರಳ ತುದಿ ಇಟ್ಟಳು. ಆಮೇಲೆ ಕ್ಯಾಮೆರಾ ಕೇಳಿ ಪಡೆದು, ಅದರ ಬೆನ್ನನ್ನು ತಡವಿ, ಅದೇ ಬೆರಳನ್ನು ಕೆಂಪು ಕಿಟಕಿಯ ಮೇಲಿಟ್ಟಳು. ಎರಡೂ ಒಂದೇ ಅಳತೆ.

"ಇಲ್ಲಿದ್ದ ಪಟ್ಟಿ ಯಾರು ಕಿತ್ತಿದ್ದು?"

ಆ ಕೆಂಪು ಗಾಜನ್ನು ಬೆರಳಿನಿಂದ ತಟ್ಟುತ್ತಲೇ ಅಮ್ಮ ಮುಂದುವರಿಸಿದಳು.

"ನನ್ನ ಕಾಲದ ಫಿಲ್ಮಿಗೆ ಕೆಂಪು ಬೆಳಕು ತಾಗ್ತಾ ಇರಲಿಲ್ಲ. ಅದಕ್ಕೇ ಕೆಂಪು ಗಾಜು ಹಾಕ್ತಿದ್ರು. ಆಮೇಲಿನದಕ್ಕೆ ಕಣ್ಣು ಚುರುಕಾಯ್ತು, ಕೆಂಪೂ ತಾಗುತ್ತೆ. ಅದಕ್ಕೇ ನಾನು ಪಟ್ಟಿ ಹಾಕಿದ್ದು. ಇಣುಕಿ ಇಣುಕಿ ನೋಡಿದ್ರೆ ಕಾಗದ ದಾಟಿ ಬೆಳಕು ಹೋಗಿ ಮಚ್ಚೆ ಕೂರುತ್ತೆ. ಯಾರು ಕಿತ್ತಿದ್ದು, ನೀನಾ?" ಎಂದು ಅಕ್ಕನ ಕಡೆ ತಿರುಗಿದಳು. ಅಕ್ಕ ಕ್ಯಾಮೆರಾ ಎತ್ತಿಕೊಂಡ ಸದ್ದು ಅವಳಿಗೆ ಕೇಳಿಸಿತ್ತು.

ನನ್ನ ಫೋನು ಮೇಜಿನ ಮೇಲೆ ಬೋರಲಾಗಿ ಬಿದ್ದಿತ್ತು. ಅದರ ಬೆನ್ನ ಮೇಲೆ ಕಪ್ಪು ಪಟ್ಟಿ. ಅಕ್ಕ ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ನಾನೇ ಇರ್ಬೇಕಮ್ಮ. ಕೈ ಸುಮ್ನಿರಲ್ಲ ನಂದು, ಗೊತ್ತಲ್ಲ ನಿಂಗೆ" ಎಂದಳು.

ಯಾಕೆ ಹಾಗೆ ಹೇಳಿದಳು? ಅವಳು ಒಳಗೆ ಬಂದು ಕಾಲು ಗಂಟೆಯೂ ಆಗಿರಲಿಲ್ಲ. ಇದನ್ನು ಮುಂದೆ ನನ್ನ ಮೇಲೆ ಉಪಕಾರವೆಂದು ಹೊರಿಸಲೆಂದೇ? ಬಾಗಿಲವರೆಗೆ ಹೋಗುವಾಗಲಾದರೂ ಏನಾದರೂ ಅನ್ನುತ್ತಾಳೆಂದು ಕಾದೆ. "ಬಾಗಿಲು ಹಾಕ್ಕೋ" ಎಂದಳು ಅಷ್ಟೆ.

ಒಂದೇ ವಾರದಲ್ಲಿ ಇಬ್ಬರು ನನ್ನ ತಪ್ಪನ್ನು ತಮ್ಮದೆಂದರು. ಒಬ್ಬರಿಗೆ ಗೊತ್ತಿರಲಿಲ್ಲ. ಒಬ್ಬಳಿಗೆ ಗೊತ್ತಿತ್ತು.

ಫೆಬ್ರವರಿ 23, ಸೋಮವಾರ

ಬೆಳಿಗ್ಗೆ ಬೆರಳು ಹಿಡಿಯುವ ಹೊತ್ತಿಗೆ ಅಮ್ಮನಿಗೆ ಹೇಳಿದೆ, ಪಟ್ಟಿ ಕಿತ್ತಿದ್ದು ನಾನು ಅಂತ.

"ಗೊತ್ತು" ಎಂದಳು. "ಅವಳಾಗಿದ್ರೆ ಕಳೆದು ಹಾಕ್ತಿದ್ಲು. ನೀನು ಎಲ್ಲೋ ಜೋಪಾನ ಮಾಡಿರ್ತೀಯ."

ಫೆಬ್ರವರಿ 25, ಬುಧವಾರ

ಮೇಷ್ಟ್ರ ಮನೆ. ಬಾಗಿಲು ತೆರೆದದ್ದು ಅವರ ಹೆಂಡತಿ, ಬಹಳ ಖುಷಿಯಲ್ಲಿದ್ದರು. ಫ್ರಿಜ್ ತೆಗೆದು ತೋರಿಸಿದರು. ಕೋಸು, ಬೀನ್ಸ್, ಟೊಮ್ಯಾಟೊ.

"ನಿಮ್ಮಿಂದ ಮಹದುಪಕಾರ ಆಯ್ತು ಕಣ್ರೀ. ಇಪ್ಪತ್ತು ವರ್ಷದಿಂದ ಹೇಳ್ತಿದ್ದೆ, ಕೇಳಿರಲಿಲ್ಲ. ನೀವು ಬಂದು ಹೋದ ಮಾರನೇ ದಿನ ಎಲ್ಲ ಹೊರಗೆ ಹಾಕಿದ್ರು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಫಿಲ್ಮ್ ಕೆಟ್ಟಿದೆ ಎಂದು ನಾನು ಹೇಳಿದೆ, ಅವರು ನಂಬಿದರು. ಬೇರೆ ಯಾರಿಗೂ ಮೋಸವಾಗಬಾರದೆಂದು ಇಡೀ ಕಂತನ್ನು ಎಸೆದರು. ನಾನು ಏನೂ ಕೇಳದೆ ನಂಬದವಳು, ಅವರು ಏನೂ ಕೇಳದೆ ನಂಬಿದವರು. ಫಿಲ್ಮು ಚೆನ್ನಾಗಿಯೇ ಇತ್ತು.

ಹೇಳಿದೆ. ಪಟ್ಟಿ, ಟಾರ್ಚ್, ಎಲ್ಲ. ನಿಂತುಕೊಂಡೇ ಹೇಳಿದೆ, ಕೂರುವ ಮನಸ್ಸಾಗಲಿಲ್ಲ. ಮೇಷ್ಟ್ರು ಬಯ್ಯಬಹುದಿತ್ತು. ಫ್ರಿಜ್‌ನ ಬಾಗಿಲನ್ನು ಮೆಲ್ಲಗೆ ಮುಚ್ಚಿ ಅದಕ್ಕೆ ಒರಗಿ ನಿಂತರು.

"ಯಾಕೆ ನೋಡ್ಬಾರ್ದು ಅಂತ ಕೇಳ್ಬೇಕಿತ್ತು ನೀವು" ಎಂದರು ಕೊನೆಗೆ.

"ನೀವೂ ಹೇಳ್ಬೇಕಿತ್ತು. ರೀಲು ಯಾಕೆ ವಾಪಸ್ ಬೇಕು ಅಂತಲೂ."

"ಹೊಸ ರೀಲು ಹುಟ್ಟಲ್ವಲ್ಲಮ್ಮ. ನನ್ನ ಹತ್ರ ಇದ್ದಿದ್ದೇ ಬೆರಳೆಣಿಕೆ. ತಗೊಂಡು ಹೋದವರ್ಯಾರೂ ತಂದುಕೊಡಲಿಲ್ಲ, ನಿಮ್ಮದೇ ಕೊನೇದು."

"ಒಬ್ರು ಬಾಯಿ ಬಿಡಲ್ಲ, ಇನ್ನೊಬ್ರು ಬಾಯಿ ಬಿಟ್ಟು ಕೇಳಲ್ಲ" ಎಂದರು ಹೆಂಡತಿ. ಅವರ ಖುಷಿ ಇಳಿದಿತ್ತು. ಬೀನ್ಸಿನ ಹಿಂದೆ ಕೈ ಹಾಕಿ ಒಂದು ಪುಟ್ಟ ಡಬ್ಬಿ ತೆಗೆದರು. "ತಗೊಳ್ಳಿ. ಇದು ಬೇರೆ ಕಂತಿಂದು ಅಂತ ಉಳ್ಸಿದ್ದಾರೆ. ನಾನು ನೋಡಿಲ್ಲ ಅಂದ್ಕೊಂಡಿದ್ದಾರೆ."

ಅದು ಒಂದು ತುಂಡು ಅಷ್ಟೆ, ಮೂರು ಚಿತ್ರಕ್ಕೆ ಆದೀತು. ಫಿಲ್ಮ್ ಇದೆ, ಎರಡನೇ ರೀಲಿಲ್ಲ. ಕ್ಯಾಮೆರಾಕ್ಕೆ ಎರಡು ರೀಲು ಬೇಕು: ಫಿಲ್ಮ್ ಒಂದರಿಂದ ಬಿಚ್ಚಿ ಇನ್ನೊಂದಕ್ಕೆ ಸುತ್ತಿಕೊಳ್ಳುತ್ತದೆ. ಮೇಷ್ಟ್ರು ಕೊಟ್ಟಿದ್ದು ಖಾಲಿಯಾಗಿ ನಮ್ಮ ಕ್ಯಾಮೆರಾದಲ್ಲಿದೆ. ಲ್ಯಾಬಿನಾಕೆ ಎಸೆದದ್ದು ಅಮ್ಮನದು.

ಆಪರೇಷನ್ ಮುಂದಿನ ಗುರುವಾರ.

ಫೆಬ್ರವರಿ 26, ಗುರುವಾರ

ಲ್ಯಾಬಿಗೆ ಹೋದೆ. ಕಸ ಎಂದೋ ಹೋಗಿತ್ತು. ಅಂಗಡಿಗಳಿಗೆಲ್ಲ ಮತ್ತೆ ಹೋದೆ. ಕ್ಯಾಮೆರಾ ಕೊಂಡುಕೊಳ್ಳುತ್ತೇನೆ ಎಂದಿದ್ದವನು ಇವತ್ತು ಕೂಡ ಕೇಳಿದ. ಪಾಪ, ಅವನಿಗೆ ಅದು ಬೇಕಿತ್ತು ಅಷ್ಟೆ.

ಬೇರೆ ದಾರಿ ಕಾಣದೆ ಅಕ್ಕನಿಗೆ ಫೋನ್ ಮಾಡಿ ರೀಲಿನ ವಿಷಯ ಹೇಳಿದೆ. ಯಾಕೆ ಅವಳಿಗೆ ಮಾಡಿದೆ ಎಂದು ಗೊತ್ತಿಲ್ಲ. ಇವರು ಮೀಟಿಂಗಿನಲ್ಲಿದ್ದರು.

"ತಗಡಿಂದಾ? ಎರಡೂ ಕಡೆ ದುಂಡನೆ ಅಂಚು, ನಡುವೆ ಒಂದು ಸೀಳು?"

"ಹೌದು. ನಿಂಗೆ ಹೇಗೆ ಗೊತ್ತು?"

"ಏ ಪೊಲೀಸು, ನನ್ನ ಹೊಲಿಗೆ ಡಬ್ಬಿಯಲ್ಲಿದೆ ಕಣೇ. ಕಪ್ಪು ದಾರ ಸುತ್ತಿಟ್ಟಿದ್ದೀನಿ. ಚಿಕ್ಕೋಳಿದ್ದಾಗ ಅಮ್ಮನ ಹತ್ರ ಬೇಡಿ ತಗೊಂಡಿದ್ದು. ಅದಕ್ಕೇ ಅವತ್ತು ಕ್ಯಾಮೆರಾ ಇದೆಯಾ ಅಂತ ಕೇಳಿದ್ದು. ಅದು ಯಾರಿಗೋ ಹೋಗೋದಾದ್ರೆ ಇದೂ ಜೊತೆಗೆ ಹೋಗ್ಲಿ ಅಂತ."

ಅವತ್ತು ಬರೆದಿಟ್ಟುಕೊಂಡಿದ್ದು ನೆನಪಾಯಿತು.

"ಇದ್ದೀಯಾ?"

"ಇದ್ದೀನಿ."

"ದಾರ ಬಿಚ್ಚಿ ಈಗ್ಲೇ ತರ್ತೀನಿ. ಆದ್ರೆ ಕೆಲಸ ಆದ್ಮೇಲೆ ನಂಗೆ ವಾಪಸ್ ಬೇಕು. ಕ್ಯಾಮೆರಾ ನೀನೇ ಇಟ್ಕೋ."

ಮತ್ತೊಬ್ಬರಿಗೆ ರೀಲು ವಾಪಸ್ ಬೇಕು. ಈ ಸಲ ಯಾಕೆ ಎಂದು ಕೇಳಬೇಕೆನಿಸಲಿಲ್ಲ.

ಮಾರ್ಚ್ 1, ಭಾನುವಾರ

ಮೇಷ್ಟ್ರು ನಿನ್ನೆ ಸುತ್ತಿಕೊಟ್ಟರು. ಕತ್ತಲಿಗೆ ಹೋಗುವ ಮುನ್ನ "ಒಳಗೆ ಬಂದು ನೋಡ್ತೀರಾ? ಏನೂ ಕಾಣಲ್ಲ" ಎಂದರು. ತಮಾಷೆಯೋ ಚುಚ್ಚು ಮಾತೋ ಗೊತ್ತಾಗಲಿಲ್ಲ. ಎರಡೂ ಇರಬಹುದು. ಹೊರಗೆ ಕೂತು ಅವರ ಹೆಂಡತಿಯ ಜೊತೆ ಬೀನ್ಸ್ ಸೋಸಿದೆ.

ಇವತ್ತು ಮಧ್ಯಾಹ್ನ, ಕಟ್ಟಡದ ಮುಂದಿನ ಮೆಟ್ಟಿಲು. ಅಂಕಿ ಬರುವವರೆಗೆ ಫಿಲ್ಮ್ ತಿರುಗಿಸುವಾಗ ಕಿಟಕಿಯನ್ನು ಒಮ್ಮೆ ನೋಡಲೇಬೇಕು, ಅದು ಅಮ್ಮನಿಗೆ ಕಾಣುವುದಿಲ್ಲ. ಆ ಕೆಲಸ ನನಗೆ ಬಿತ್ತು. ನೆರಳಿಗೆ ಹೋಗಿ, ಇವರ ಕೋಟನ್ನು ತಲೆಯ ಮೇಲೆ ಹೊದ್ದು, ಪಟ್ಟಿಯನ್ನು ಒಂದಿಷ್ಟು ಎತ್ತಿ, ಅಂಕಿ ಕಂಡ ಕೂಡಲೇ ಒತ್ತಿ ಮುಚ್ಚಿದೆ. ಸರಿಯಾಗಿ ಕಂಡಿತೇ ಎಂದು ಇನ್ನೊಮ್ಮೆ ನೋಡಬೇಕೆಂದು ಬೆರಳು ಚಡಪಡಿಸಿತು. ಕೋಟಿನೊಳಗೆ ಸೆಕೆ, ಹೊರಗೆ ಅಕ್ಕನ ದನಿ: "ಒಳಗೇನು ತನಿಖೆ ನಡೀತಿದೆ?"

ಅಮ್ಮ ನಮ್ಮನ್ನು ನಿಲ್ಲಿಸಿದಳು. ಕೈಯಿಂದ ನಮ್ಮ ಭುಜ, ಮುಖ ಮುಟ್ಟಿ ಎಲ್ಲಿದ್ದೇವೆಂದು ತಿಳಿದುಕೊಂಡು, ಹಿಂದೆ ಹಿಂದೆ ಹೆಜ್ಜೆಯಿಟ್ಟು ದೂರ ಹೋದಳು. ಇವರು ಅವಳ ಬೆನ್ನ ಹಿಂದೆ ಕೈ ಚಾಚಿಕೊಂಡು ನಿಂತಿದ್ದರು. ಬಲಗಣ್ಣಿಗೆ ಕ್ಯಾಮೆರಾ ಒತ್ತಿ ಹಿಡಿದಳು. ಏನು ಕಾಣುತ್ತಿದೆ ಎಂದು ಕೇಳಬೇಕೆನಿಸಿತು.

ಮೂರೂ ತೆಗೆದಳು. ಕೊನೆಯದಕ್ಕೆ ಮುಂಚೆ ಅಕ್ಕ ನನ್ನ ಕಿವಿಯಲ್ಲಿ "ಹಂಗೆ ಕಣ್ಣು ಬಿಡ್ಬೇಡ ಕಣೇ, ಕ್ಯಾಮೆರಾ ಹೆದರ್ಕೊಳ್ಳುತ್ತೆ" ಎಂದಳು. ಅದೇ ಹೊತ್ತಿಗೆ ಟಿಕ್ ಎಂದಿತು.

ಫಿಲ್ಮ್ ಪೂರ್ತಿ ಸುತ್ತಿ, ತೆಗೆದು, ಅಂಟು ಹಚ್ಚಿದೆವು. ಖಾಲಿಯಾದ ಅಕ್ಕನ ರೀಲನ್ನು ಅವಳಿಗೆ ಕೊಟ್ಟೆ. ಲ್ಯಾಬಿಗೆ ನಾಳೆಯೇ ಎಂದೆ.

"ಬೇಡ. ನಾನೇ ಮೊದಲು ನೋಡ್ಬೇಕು. ಕಣ್ಣು ಬಂದ್ಮೇಲೆ ತೊಳೆಸಿ" ಎಂದಳು ಅಮ್ಮ.

"ಬರದಿದ್ರೆ?" ಎನ್ನುವ ಮಾತು ಮೂವರ ಬಾಯಲ್ಲೂ ಇತ್ತು.

"ಬರದಿದ್ರೆ ನೀವು ನೋಡ್ಕೊಳ್ಳಿ. ಅವಸರ ಏನು?"

ಮಾರ್ಚ್ 4, ಬುಧವಾರ

ಕೆಲಸ ಮುಗಿಯುವುದು ತಡವಾಯಿತು. ನಾನು ಬರುವಷ್ಟರಲ್ಲಿ ಅಕ್ಕ ತನ್ನ ಕೀಲಿಯಿಂದ ಬೀಗ ತೆಗೆದು ಬಂದು, ಆಸ್ಪತ್ರೆಗೆ ಬೇಕಾದ ಬಟ್ಟೆ ಜೋಡಿಸಿ, ಅಮ್ಮನ ತಲೆ ಬಾಚಿ ಕೂತಿದ್ದಳು. ಟವೆಲ್ ಮಾತ್ರ ಇಡಲು ಮರೆತಿದ್ದಳು.

ಮಾರ್ಚ್ 5, ಗುರುವಾರ

ಆಯಿತು. ಡಾಕ್ಟರು ಈ ಸಲವೂ ಗೋಡೆ ನೋಡಿಕೊಂಡೇ ಮಾತಾಡಿದರು. ಅವರು ಎಲ್ಲರ ಜೊತೆಯೂ ಹಾಗೆಯೇ ಎಂದು ನರ್ಸ್ ಹೇಳಿದಳು, ನಾಚಿಕೆ ಸ್ವಭಾವವಂತೆ.

ಮಾರ್ಚ್ 13, ಶುಕ್ರವಾರ

ಕಣ್ಣಿನ ಒಳಗಿನ ಪರದೆ ಕೂಡಿಕೊಳ್ಳುವವರೆಗೆ ಅಮ್ಮ ಮುಖ ಕೆಳಗೆ ಮಾಡಿಯೇ ಮಲಗಬೇಕು. ಊಟ ಮಾತ್ರ ಕೂತು. ನೋಟ ನಿಲ್ಲಲು ವಾರಗಳು ಬೇಕು. ಬೆಳಕು ಕಾಣುತ್ತದೆ ಎನ್ನುತ್ತಾಳೆ, 'ನೀರಿನೊಳಗಿಂದ ನೋಡಿದ ಹಾಗೆ'.

ಫಿಲ್ಮ್ ರೋಲ್ ನಮ್ಮ ಫ್ರಿಜ್‌ನಲ್ಲಿದೆ, ಮೊಟ್ಟೆ ಇಡುವ ಜಾಗದಲ್ಲಿ. ಇವರು ಒಂದು ಬೆಳಿಗ್ಗೆ ಅದನ್ನು ಒಡೆದು ಆಮ್ಲೆಟ್ ಮಾಡಿಕೊಡುತ್ತೇನೆಂದು ಅಮ್ಮನನ್ನು ನಗಿಸಿದರು.

ಫೋಟೋ ಬಂದಿದೆಯೋ ಇಲ್ಲವೋ. ದಿನಕ್ಕೆ ಎಷ್ಟು ಸಲ ಅನಿಸುತ್ತದೋ. ಆದರೆ ನೋಡುವ ಉಪಾಯವೇ ಇಲ್ಲ, ಏನು ಮಾಡುವುದು.

ಮಾರ್ಚ್ 21, ಶನಿವಾರ

ಇವರು ಕೇಳಿದರು, "ಬೆಳಿಗ್ಗೆ ಬೆರಳು ತೋರಿಸೋದು ಬಿಟ್ಟುಬಿಟ್ಯಾ?"

ಮರೆತೇ ಹೋಗಿದೆ. ಅಮ್ಮ ಮುಖ ಕೆಳಗೆ ಮಾಡಿ ಮಲಗಿರುವಾಗ ಎಲ್ಲಿಂದ ತೋರಿಸುವುದು?

ಮಾರ್ಚ್ 24, ಮಂಗಳವಾರ

ಬೆಳಿಗ್ಗೆ ಅಮ್ಮ ಎದ್ದು ಕೂತು "ತೊಳೆಸಿ" ಎಂದಳು. ನನಗೆ ರಜೆ ಸಿಗಲಿಲ್ಲ, ರೋಲನ್ನು ಅಕ್ಕನ ಕೈಗೆ ಕೊಟ್ಟು ಕಳಿಸಿದೆ. ಮೇಷ್ಟ್ರ ರೀಲು ವಾಪಸ್ ತರಲು ಹೇಳಿದೆ. ಒಂದೇ ಸಲ ಹೇಳಿದೆ.

ಮಾರ್ಚ್ 29, ಭಾನುವಾರ

ಅಕ್ಕ ಲಕೋಟೆ ಬಿಚ್ಚದೆ ತಂದಳು. ಬರುವ ದಾರಿಯಲ್ಲಿ ಮೇಷ್ಟ್ರಿಗೆ ರೀಲು ಕೊಟ್ಟಳಂತೆ. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರಂತೆ.

ಅಮ್ಮ ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡಳು. ಮೂರು ಪ್ರಿಂಟುಗಳನ್ನು ಒಂದೊಂದಾಗಿ ಮುಖದ ಹತ್ತಿರ ಹಿಡಿದಳು. ನಾವು ಅವಳ ಹಿಂದೆ ನಿಂತಿದ್ದೆವು. ಮೊದಲನೆಯದು ಅಲುಗಾಡಿ ಹೋಗಿತ್ತು. ಎರಡನೆಯದರಲ್ಲಿ ಮೆಟ್ಟಿಲು ಚೆನ್ನಾಗಿ ಬಂದಿತ್ತು, ನಮ್ಮಿಬ್ಬರ ತಲೆ ಇರಲಿಲ್ಲ. ಎಲ್ಲಿಯೂ ದುಂಡನೆಯ ಮಚ್ಚೆ ಇರಲಿಲ್ಲ. ಅಮ್ಮ ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡಳು. ಮೂರನೆಯದನ್ನು ಬಹಳ ಹೊತ್ತು ಹಿಡಿದಿದ್ದಳು.

"ಚೆನ್ನಾಗಿ ಬಂದಿದೆ" ಎಂದಳು.

ಕುರುಡರೂ ಆ ಮಾತು ಹೇಳಬಹುದು. ಅಕ್ಕನಿಗೂ ಹಾಗೇ ಅನಿಸಿರಬೇಕು. "ಅಮ್ಮ, ಎಡಗಡೆ ಇರೋದು ಯಾ..." ಎಂದು ಶುರು ಮಾಡಿದಳು. ನಾನು ಅವಳ ಮೊಣಕೈ ಹಿಡಿದು ಅದುಮಿದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿ ಸುಮ್ಮನಾದಳು. ಯಾಕೆ ಹಾಗೆ ನೋಡಿದಳೋ.

ಅಕ್ಕ ಹೋಗಿ ಮಂಚದ ಮೇಲೆ ಕೂತು, ಚೀಲದಿಂದ ತನ್ನ ಹೊಲಿಗೆ ಡಬ್ಬಿ ತೆಗೆದು, ತಗಡಿನ ರೀಲಿಗೆ ಕಪ್ಪು ದಾರ ಸುತ್ತತೊಡಗಿದಳು. ನಾನು ಅಡುಗೆಮನೆಗೆ ಹೋಗಿ ಟೀಗೆ ನೀರಿಟ್ಟೆ. ನೀರು ಕುದಿಯಲಿಲ್ಲ, ಅಷ್ಟರಲ್ಲಿ ಅಮ್ಮ ಕರೆದಳು.

"ಇಲ್ಲಿ ಬಾರೇ. ಯಾವಾಗ್ಲೂ ಅವಳು ಮುಚ್ತಿದ್ಲು. ಈ ಸಲ ನೀನು ಕಣ್ಣು ಮುಚ್ಚಿಬಿಟ್ಟಿದ್ದೀಯಲ್ಲೇ!"

ಹೋಗಿ ನೋಡಿದೆ. ಅಕ್ಕ ಕಣ್ಣರಳಿಸಿ ಕ್ಯಾಮೆರಾವನ್ನೇ ನೋಡುತ್ತಿದ್ದಳು. ಪಕ್ಕದಲ್ಲಿ ನಾನು, ಬಾಯಿ ತೆರೆದು, ಕಣ್ಣು ಬಿಗಿಯಾಗಿ ಮುಚ್ಚಿ, ನಗುತ್ತಿದ್ದೆ.

"ಇದು ಆಗ್ಲಿಲ್ಲ. ಇನ್ನೊಂದು ತೆಗೀಬೇಕು" ಎಂದಳು ಅಮ್ಮ.

ಅಕ್ಕ ಸುತ್ತುವುದನ್ನು ನಿಲ್ಲಿಸಿದಳು. ರೀಲನ್ನು ಒಮ್ಮೆ ನೋಡಿ, ಸುತ್ತಿದ ದಾರವನ್ನು ಬಿಚ್ಚತೊಡಗಿದಳು.